06/05: ಒಂದು ಡ್ರಮ್ ಕೋರ್, ಒಬ್ಬ ಹುಡುಗ, 26 ದಿನ

ಹುಟ್ಟಿದ ತಾರೀಖು ತಪ್ಪಾಗಿ ದಾಖಲಾಗಿ, ವಯಸ್ಸಿನ ಮಿತಿ ದಾಟಿದ ಹುಡುಗನೊಬ್ಬ ಒಂದು ಡ್ರಮ್ ಕೋರ್‌ನಲ್ಲಿ, ಅಂದ್ರೆ ಊರೂರು ಸುತ್ತಿ ಸ್ಪರ್ಧೆ ಮಾಡೋ ಮಾರ್ಚಿಂಗ್ ವಾದ್ಯದ ತಂಡದಲ್ಲಿ, ಆಡಿದ ಕಥೆ ಇದು. ನಡೆದು ಕೆಲವು ವರ್ಷ ಆಯ್ತು. ಹುಡುಗನ ಹತ್ರ, ಅವರಪ್ಪನ ಹತ್ರ ಕೇಳಿ, ಅವರು ಬರೀರಿ ಅಂದ ಮೇಲೇ ಬರೀತಿದ್ದೀನಿ. ಕೋರ್ ಹೆಸರು, ಊರು, ವರ್ಷ, ಅವನು ಯಾವ ವಾದ್ಯ ನುಡಿಸ್ತಿದ್ದ ಅನ್ನೋದು ಎಲ್ಲಾ ಬಿಟ್ಟಿದ್ದೀನಿ ಅಥವಾ ಬದಲಿಸಿದ್ದೀನಿ. ತಾರೀಖುಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೀನಿ, ಆದ್ರೆ ಲೆಕ್ಕ ಅದೇ ಥರ ಬರೋ ಹಾಗೆ ನೋಡ್ಕೊಂಡಿದ್ದೀನಿ. ಅಮೆರಿಕಾದಲ್ಲಿ ಇರೋ ನಮ್ಮ ಕನ್ನಡದ ಮನೆಗಳ ಮಕ್ಕಳು ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡಲ್ಲಿ ಶುರು ಮಾಡಿ ಆಮೇಲೆ ಡ್ರಮ್ ಕೋರ್‌ಗೆ ಹೋಗೋದನ್ನ ನಾನೇ ನಾಲ್ಕೈದು ಕಡೆ ನೋಡಿದ್ದೀನಿ, ಅಂಥ ಅಪ್ಪ ಅಮ್ಮಂದಿರಿಗೆ, ಮತ್ತೆ ಕೋರ್‌ಗಳಲ್ಲಿ ಪೇಪರ್ ಕೆಲಸ ನೋಡ್ಕೊಳೋ ವಾಲಂಟಿಯರ್‌ಗಳಿಗೆ ಉಪಯೋಗ ಆಗ್ಲಿ ಅಂತ.

ನನ್ನ ಮಗಳು ಎರಡು ಸೀಸನ್ ಆ ಕೋರ್‌ನಲ್ಲಿದ್ಲು. ನಾನು ಮೊದಲು ಊಟದ ಟ್ರಕ್ಕಲ್ಲಿ ಈರುಳ್ಳಿ ಹೆಚ್ಚೋಕೆ ಅಂತ ಹೋದವನು, ಎರಡನೇ ವರ್ಷ ಮೆಡಿಕಲ್ ಫಾರಂಗಳ ಫೈಲ್ ಹಿಡ್ಕೊಂಡು ಟೂರ್ ಪೂರ್ತಿ ಜೊತೇಲಿ ಓಡಾಡಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ

ಮೈಸೂರು ದಸರಾ ಪಂಜಿನ ಕವಾಯತಲ್ಲಿ ಕತ್ತಲ ಮೈದಾನದಲ್ಲಿ ಪಂಜು ಹಿಡಿದವರು ನಡೀತಾ ನಡೀತಾ ಆಕಾರ ಕಟ್ತಾರಲ್ಲ, ಅದಕ್ಕೆ ಹಿತ್ತಾಳೆ ವಾದ್ಯ, ಡ್ರಮ್, ಬಾವುಟ ತಿರುಗಿಸೋ ಕಲರ್ ಗಾರ್ಡ್ ಸೇರಿಸಿ, ಸುಮಾರು 12 ನಿಮಿಷದ ಒಂದೇ ಶೋ ಮಾಡಿ, ಅದನ್ನ ಬೇಸಿಗೆ ಪೂರ್ತಿ ಊರೂರು ಸುತ್ತಿ ಜಡ್ಜ್‌ಗಳ ಮುಂದೆ ತೋರಿಸಿ ಅಂಕ ತಗೊಳ್ಳೋದು ಅಂದ್ರೆ ಡ್ರಮ್ ಕೋರ್. ಮೊದಲೆಲ್ಲಾ ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯೂ ಅನ್ನೋ ಮಾಜಿ ಸೈನಿಕರ ಸಂಘಗಳು ಈ ಸ್ಪರ್ಧೆಗಳನ್ನ ನಡೆಸ್ತಿದ್ವು. ನಿಯಮ ನಾವೇ ಮಾಡ್ಕೋತೀವಿ ಅಂತ ಕೋರ್‌ಗಳೇ ಸೇರಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಕಟ್ಟಿದ್ರು, ಎಲ್ಲರೂ ಡಿಸಿಐ ಅಂತಾರೆ. ಮೊದಲ ಚಾಂಪಿಯನ್‌ಶಿಪ್ 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಆಯ್ತು, ಗೆದ್ದಿದ್ದು ಅನಾಹೈಮ್ ಕಿಂಗ್ಸ್‌ಮೆನ್. 2009ರಿಂದ ಫೈನಲ್ಸ್ ಇಂಡಿಯಾನಾಪೊಲಿಸ್‌ನ ಲೂಕಾಸ್ ಆಯಿಲ್ ಸ್ಟೇಡಿಯಮ್ಮಲ್ಲಿ.

ಮಕ್ಕಳು ಮೇ ಮಧ್ಯದಲ್ಲಿ ಮನೆ ಬಿಟ್ರೆ ಆಗಸ್ಟ್ ಎರಡನೇ ವಾರದವರೆಗೆ ಬಸ್ಸಲ್ಲಿ ರಾತ್ರಿ ಪ್ರಯಾಣ, ಯಾವುದೋ ಶಾಲೆಯ ಜಿಮ್ ನೆಲದ ಮೇಲೆ ನಿದ್ದೆ, ದಿನಾ ಬಿಸಿಲಲ್ಲಿ ಪ್ರಾಕ್ಟೀಸ್. ಸಂಬಳ ಇಲ್ಲ, ಉಲ್ಟಾ ಅವರೇ ಸಾವಿರಾರು ಡಾಲರ್ ಫೀಸ್ ಕಟ್ಬೇಕು. ಆದ್ರೂ ಜಾಗ ಸಿಗೋದು ಕಷ್ಟ.

ವಯಸ್ಸಿನ ನಿಯಮ ಹೇಳೋಕೆ ಸುಲಭ. ಆ ವರ್ಷದ ಜೂನ್ 1ಕ್ಕೆ ಮುಂಚೆ 22 ತುಂಬಿರಬಾರದು. ಜೂನ್ 1ಕ್ಕೋ ಆಮೇಲೋ ತುಂಬಿದ್ರೆ ಆ ಸೀಸನ್ ಪೂರ್ತಿ ಆಡಬಹುದು. ಕೊನೆಯ ವರ್ಷದವರನ್ನ ಏಜ್ ಔಟ್ ಅಂತಾರೆ, ಅದೇ ಮೊದಲ ವರ್ಷವೂ ಆಗಿದ್ರೆ ರೂಕ್ ಔಟ್. ನಮ್ಮ ಹುಡುಗ ರೂಕ್ ಔಟ್. ಕಾಲೇಜಲ್ಲಿ ಹಣಕಾಸಿನ ತೊಂದರೆ, ಮಧ್ಯೆ ಒಂದು ವರ್ಷ ವೀಸಾ ಕೆಲಸ ಅಂತ ಊರಿಗೆ ಹೋಗಿ ಬಂದಿದ್ದು, ಹೀಗೆ ತಪ್ತಾ ತಪ್ತಾ ಬಂದು ಇನ್ನು ಇದೊಂದೇ ಛಾನ್ಸ್ ಅನ್ನೋ ವರ್ಷ ಆಡಿಷನ್ ಕೊಟ್ಟಿದ್ದ.

ಈ ಜೂನ್ 1 ಅನ್ನೋ ತಾರೀಖು ಕೇಳಿದಾಗ ನನಗೆ ಮೊದಲ ವರ್ಷವೇ ಒಂಥರಾ ಆಯ್ತು, ಯಾಕಂದ್ರೆ ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಇರೋ ಹುಟ್ಟಿದ ದಿನವೂ ಜೂನ್ 1. ನಾನು ಹುಟ್ಟಿದ್ದು ಆವತ್ತಲ್ಲ. ನಮ್ಮ ವಯಸ್ಸಿನ, ಅದ್ರಲ್ಲೂ ಹಳ್ಳಿ ಕಡೆಯ ಎಷ್ಟೋ ಜನಕ್ಕೆ ಹೀಗೇ, ಶಾಲೆ ಶುರುವಾಗೋ ಹೊತ್ತಿಗೆ ಮಗು ವಯಸ್ಸು ಸರಿಹೋಗ್ಲಿ ಅಂತ ಮೇಷ್ಟ್ರು ಬರೆದ ತಾರೀಖು. ದಾಖಲೆ ವಯಸ್ಸು ಬೇರೆ, ಮನೇಲಿ ಹೇಳೋ ವಯಸ್ಸು ಬೇರೆ ಅನ್ನೋದು ನಮಗೆ ತಪ್ಪು ಅಂತಾನೇ ಅನ್ಸಲ್ಲ. ಈ ಅಭ್ಯಾಸ ನನ್ನ ತಲೇಲಿ ಇತ್ತು ಅನ್ನೋದನ್ನ ಇಲ್ಲೇ ಹೇಳಿಬಿಡ್ತೀನಿ, ಮುಂದೆ ನಾನು ಮಾಡಿದ ಒಂದು ತಪ್ಪಿಗೆ ಅದೂ ಕಾರಣ.

ತಪ್ಪು ಎಲ್ಲಿ ಒಳಗೆ ಬಂತು

ಹುಡುಗ ಹುಟ್ಟಿದ್ದು ಮೇ 6, ಅಂದ್ರೆ ಆ ವರ್ಷ ಜೂನ್ 1ಕ್ಕೆ 26 ದಿನ ಮುಂಚೆಯೇ ಅವನಿಗೆ 22 ತುಂಬುತ್ತೆ. ನವೆಂಬರ್ ಆಡಿಷನ್ ಫಾರಮ್ಮಲ್ಲಿ ಅವನೇ ಮೇ 6 ಅಂತ ಸರಿಯಾಗಿ ಹಾಕಿದ್ದಾನೆ, ಅದು ಆಮೇಲೆ ತೆಗೆದು ನೋಡಿದಾಗ ಸಿಕ್ತು. ಆದ್ರೆ ಆಡಿಷನ್ ಫಾರಮ್ಮಿನ ಪಟ್ಟಿ ಬೇರೆ, ಮೆಂಬರ್ ಆದ ಮೇಲಿನ ಪಟ್ಟಿ ಬೇರೆ. ಜನವರಿಯಲ್ಲಿ ಎಲ್ಲರೂ ಗುರುತಿನ ಕಾರ್ಡ್ ಸ್ಕ್ಯಾನ್ ಕಳಿಸ್ಬೇಕು. ಇವನು ಇಂಡಿಯನ್ ಪಾಸ್‌ಪೋರ್ಟ್ ಕಳಿಸ್ದ. ಅದರಲ್ಲಿ 06/05 ಅಂತ ಇರುತ್ತೆ, ನಮ್ಮಲ್ಲಿ ದಿನ ಮೊದಲು ತಿಂಗಳು ಆಮೇಲೆ ಅಲ್ವಾ. ಪಟ್ಟಿ ಮಾಡ್ತಿದ್ದ ವಾಲಂಟಿಯರ್ ಒಬ್ಬ ಹಿರಿಯ ಹೆಂಗಸು, ಜೀವನ ಪೂರ್ತಿ ತಿಂಗಳು ಮೊದಲು ಬರೆದೇ ಅಭ್ಯಾಸ, ನೋಡಿದ್ದನ್ನ ನೋಡಿದ ಹಾಗೇ ಟೈಪ್ ಮಾಡಿದ್ರು. ಕಂಪ್ಯೂಟರ್ ಅದನ್ನ ಜೂನ್ 5 ಅಂತ ಓದ್ಕೊಳ್ತು. ಜೂನ್ 5 ಆದ್ರೆ ಅರ್ಹ, ಪಕ್ಕದ ಕಾಲಮ್ ಹಸಿರು ಬಣ್ಣಕ್ಕೆ ತಿರುಗ್ತು, ಮುಗೀತು.

25 ಅಂತ ದಿನ ಇದ್ದಿದ್ರೆ 25ನೇ ತಿಂಗಳು ಎಲ್ಲಿದೆ ಅಂತ ಕಂಪ್ಯೂಟರೇ ಕೂಗಿಕೊಳ್ತಿತ್ತು. ದಿನವೂ 12ರ ಒಳಗೆ ಇದ್ದು, ಹಿಂದೆಮುಂದೆ ಆದಾಗ ಜೂನ್ 1ರ ಗೆರೆಯ ಈಚೆಯಿಂದ ಆಚೆಗೆ ದಾಟೋ ತಾರೀಖು ಆಗಿದ್ರೆ ಮಾತ್ರ ಈ ತಪ್ಪು ಸದ್ದಿಲ್ಲದೆ ಒಳಗೆ ಬರುತ್ತೆ. ಇವನದ್ದು ಅಂಥದ್ದೇ.

ಇಲ್ಲಿವರೆಗೆ ಇದು ಶುದ್ಧ ಟೈಪಿಂಗ್ ತಪ್ಪು, ಯಾರ ಮನಸ್ಸಲ್ಲೂ ಮೋಸ ಇಲ್ಲ. 2001ರಲ್ಲಿ ಲಿಟಲ್ ಲೀಗ್ ಬೇಸ್‌ಬಾಲಲ್ಲಿ ಬ್ರಾಂಕ್ಸ್‌ನ ತಂಡದ ಪಿಚರ್‌ಗೆ 12 ಅಲ್ಲ 14 ಅಂತ ಗೊತ್ತಾಗಿ ತಂಡದ ಗೆಲುವೆಲ್ಲಾ ಅಳಿಸಿಹಾಕಿದ್ರಲ್ಲ, ಅಲ್ಲಿ ದೊಡ್ಡವರು ಸುಳ್ಳು ದಾಖಲೆ ಮಾಡಿಸಿದ್ರು. ಅದಕ್ಕೂ ಇದಕ್ಕೂ ಹೋಲಿಸಬಾರದು. ಇನ್ನೊಂದು ವಿಷಯ, ನಮ್ಮ ಕ್ರಿಕೆಟಲ್ಲಿ 16ರ ಒಳಗಿನ ಹುಡುಗರಿಗೆ ಬಿಸಿಸಿಐ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ವಯಸ್ಸು ನೋಡುತ್ತೆ, ಅಂಥ ಪರೀಕ್ಷೆ ಇಲ್ಲಿ ನಡೆಯಲ್ಲ. 21ಕ್ಕೂ 22ಕ್ಕೂ ಮೂಳೆಯಲ್ಲಿ ವ್ಯತ್ಯಾಸ ಕಾಣಲ್ಲ, ಬೆಳವಣಿಗೆ ಆಗಲೇ ನಿಂತಿರುತ್ತೆ. ಇರೋದು ಪೇಪರ್ ಒಂದೇ, ಅದನ್ನ ಓದೋ ಕಣ್ಣು ಒಂದು ಜೊತೆ ಅಷ್ಟೇ.

ಹುಡುಗನಿಗೆ ಗೊತ್ತಿತ್ತಾ

ಇದನ್ನ ನಾನು ಅವನ ಬಾಯಿಂದಲೇ ಆಮೇಲೆ ಕೇಳಿದ್ದು. ಆಡಿಷನ್ ಹೊತ್ತಿಗೆ ಅವನಿಗೆ ನಿಯಮ ಸರಿಯಾಗಿ ಗೊತ್ತಿರ್ಲಿಲ್ಲ, 21 ಇದ್ರೆ ಆಯ್ತು ಅಂದ್ಕೊಂಡಿದ್ದ, ಆವಾಗ ಅವನಿಗೆ 21. ಫೆಬ್ರವರಿಯಲ್ಲಿ ಯಾರೋ ಮಾತಾಡ್ತಾ ಜೂನ್ 1 ಅಂದಾಗ ಎದೆ ಧಸಕ್ ಅಂತಂತೆ. ಆದ್ರೆ ಪಾಸ್‌ಪೋರ್ಟ್ ಕೊಟ್ಟಾಗಿದೆ, ಆಫೀಸಿಂದ ಏನೂ ಅಂದಿಲ್ಲ, ಹಾಗಾದ್ರೆ ನನಗೇನೋ ವಿನಾಯಿತಿ ಇರ್ಬೇಕು ಅಂತ ಸಮಾಧಾನ ಮಾಡ್ಕೊಂಡ. ಕೇಳೋಕೆ ಭಯ. ಕೇಳಿದ್ರೆ ಉತ್ತರ ಸಿಕ್ಕಿಬಿಡುತ್ತಲ್ಲ.

ಮೇ ತಿಂಗಳಲ್ಲಿ ಎಲ್ಲರೂ ಬಂದು ಸೇರಿದ ದಿನ, ಜಿಮ್ ಬಾಗಿಲಲ್ಲಿ ಉದ್ದ ಸಾಲು, ಒಬ್ಬೊಬ್ಬರಿಗೂ ಅವರವರ ವಿವರ ಪ್ರಿಂಟ್ ಮಾಡಿದ ಒಂದು ಹಾಳೆ ಕೊಟ್ಟು ಎಲ್ಲಾ ಸರಿ ಇದ್ಯಾ ನೋಡಿ ಸೈನ್ ಹಾಕಿ ಅಂತ. ಅವನ ಹಾಳೆಯಲ್ಲಿ ಜೂನ್ 5. ಅಲ್ಲಿ ಅವನಿಗೆ ಅರ್ಥ ಆಯ್ತು ಯಾಕೆ ಯಾರೂ ಏನೂ ಅಂದಿಲ್ಲ ಅಂತ. ಹಿಂದೆ ಇಪ್ಪತ್ತು ಜನ ಮೂಟೆ ಹೊತ್ಕೊಂಡು ನಿಂತಿದ್ದಾರೆ, ಕೈಯಲ್ಲಿ ಪೆನ್ ಇದೆ. ಸೈನ್ ಹಾಕ್ದ.

ನನ್ನ ಲೆಕ್ಕದಲ್ಲಿ ನಿಯಮ ಉಲ್ಲಂಘನೆ ಅನ್ನೋದು ತಪ್ಪಾಗಿದ್ದು ಹೋಗಿ ತಪ್ಪು ಮಾಡಿದ್ದು ಅಂತ ಆಗಿದ್ದು ಆ ಕ್ಷಣ. ಆದ್ರೆ ಆ ಹಾಳೆ ಕೊಟ್ಟ ವ್ಯವಸ್ಥೆ ಬಗ್ಗೆಯೂ ನನಗೆ ಸಿಟ್ಟಿದೆ. ತಾರೀಖು ಸರಿಪಡಿಸಿದ್ರೆ ಎಲ್ಲಾ ಕಳ್ಕೊಳ್ಳೋನು ಯಾರು, ಅವನೊಬ್ಬನೇ. ಅವನ ಕೈಗೇ ಪೆನ್ ಕೊಟ್ಟು ನೀನೇ ನೋಡು ಅಂದ್ರೆ ಅದನ್ನ ಪರಿಶೀಲನೆ ಅನ್ನಬಹುದಾ? ಕಟ್ಟಿದ ಫೀಸು, ಬಿಟ್ಟ ಇಂಟರ್ನ್‌ಶಿಪ್ಪು, ಹತ್ತು ವರ್ಷದ ಆಸೆ ಎಲ್ಲಾ ಆ ಪೆನ್ನಿನ ಮೊನೆ ಮೇಲೆ ಇಟ್ವಿ.

ಗೊತ್ತಿದ್ದದ್ದು ಅವನೊಬ್ಬನಿಗೇ ಅಲ್ಲ ಮತ್ತೆ. ಮೇ ಮೊದಲ ವಾರದ ವೀಕೆಂಡ್ ಕ್ಯಾಂಪಲ್ಲಿ ಅವನ ಸೆಕ್ಷನ್ ಹುಡುಗರು ಡೋನಟ್ ಮೇಲೆ ಕ್ಯಾಂಡಲ್ ಇಟ್ಟು ಬರ್ತ್‌ಡೇ ಮಾಡಿದ್ದಾರೆ. ನನ್ನ ಮಗಳೂ ಅಲ್ಲಿದ್ಲು. ಆಮೇಲೆ ಕೇಳಿದ್ದಕ್ಕೆ, "ಅಪ್ಪ, ಅವನಿಗೆ 21 ಆಯ್ತು ಅಂದ್ಕೊಂಡ್ವಿ, 22 ಅಂತ ಯಾರೂ ಲೆಕ್ಕ ಹಾಕ್ಲಿಲ್ಲ" ಅಂದ್ಲು. ಒಂದಿಬ್ಬರು ಲೆಕ್ಕ ಹಾಕಿದ್ರು ಅಂತ ಆಮೇಲೆ ಗೊತ್ತಾಯ್ತು. ಅವರೂ ಸುಮ್ಮನಿದ್ರು, ಫ್ರೆಂಡ್ ಅಲ್ವಾ.

ಕೌಂಟರ್ ಮುಂದೆ

ಜುಲೈ ಮೊದಲ ವಾರ. ಆ ಹೊತ್ತಿಗೆ ಕೆಲವು ಶೋ ಆಗಿದ್ವು. ಒಂದು ಮಧ್ಯಾಹ್ನ ಸೆಖೆ ಅಂದ್ರೆ ಸೆಖೆ, ಪ್ರಾಕ್ಟೀಸಲ್ಲಿ ಹುಡುಗ ತಲೆ ಸುತ್ತಿ ಕೂತ್ಬಿಟ್ಟ, ವಾಂತಿ. ನೆರಳಿಗೆ ಕರ್ಕೊಂಡು ಬಂದು ಐಸ್ ಟವೆಲ್ ಹಾಕಿ, ಯಾವುದಕ್ಕೂ ಇರಲಿ ಅಂತ ನಾನು ಕಾರಲ್ಲಿ ಹತ್ತಿರದ ಅರ್ಜೆಂಟ್ ಕೇರ್‌ಗೆ ಕರ್ಕೊಂಡು ಹೋದೆ. ಕೌಂಟರಲ್ಲಿದ್ದ ಹುಡುಗಿ ಡೇಟ್ ಆಫ್ ಬರ್ತ್ ಕೇಳಿದ್ಲು. ಅವನು ಕಣ್ಣು ಮುಚ್ಕೊಂಡೇ ಮೇ ಆರು ಅಂದ. ನಾನು ಫೈಲ್ ತೆಗೆದು ಕೋರ್‌ನ ಮೆಡಿಕಲ್ ಫಾರಂ ಕೊಟ್ಟೆ, ಅದ್ರಲ್ಲಿ ಜೂನ್ 5. ಅವಳು ಇನ್ಶೂರೆನ್ಸ್ ಕಂಪ್ಯೂಟರಲ್ಲಿ ನೋಡಿ, ಫಾರಂ ತಪ್ಪು, ಹುಡುಗ ಹೇಳಿದ್ದೇ ಸರಿ, ಅಂದು ಫಾರಂ ಮೇಲೆ ಪೆನ್ನಲ್ಲಿ ತಿದ್ದಿ ನನ್ನ ಕೈಗೆ ವಾಪಸ್ ಕೊಟ್ಲು.

ನಾನು ಕರ್ನಾಟಕದಲ್ಲಿ ಹುಟ್ಟಿ ಬೆಳೆದವನು, 06/05 ಅಂದ್ರೆ ಏನಾಗಿದೆ ಅಂತ ಅಲ್ಲೇ ನಿಂತಲ್ಲೇ ಹೊಳೀತು. ಬೇರೆ ಯಾವ ವಾಲಂಟಿಯರ್ ಹೋಗಿದ್ರೂ ಬರೀ ಟೈಪಿಂಗ್ ತಪ್ಪು ಅಂತ ಮರೆತುಬಿಡ್ತಿದ್ರೇನೋ.

ವಾಪಸ್ ಬರೋವಾಗ ಕಾರಲ್ಲಿ ಹತ್ತು ನಿಮಿಷ ಇಬ್ಬರೂ ಮಾತಾಡ್ಲಿಲ್ಲ. ಆಮೇಲೆ ಅವನೇ ಕನ್ನಡದಲ್ಲಿ, ಅಲ್ಲಿವರೆಗೆ ನನ್ನ ಹತ್ರ ಇಂಗ್ಲಿಷಲ್ಲೇ ಮಾತಾಡ್ತಿದ್ದ ಹುಡುಗ, "ಅಂಕಲ್, ನನಗೆ ಗೊತ್ತಿತ್ತು" ಅಂದ.

"ಯಾವಾಗಿಂದ ಮರಿ?"

"ಆ ಶೀಟ್ ಸೈನ್ ಮಾಡಿದ್ನಲ್ಲ, ಆವತ್ತಿಂದ. ಅದಕ್ಕೂ ಮುಂಚೆನೂ ಸ್ವಲ್ಪ. ನೀವು ಹೇಳ್ತೀರಾ?"

ನಾನು ಹೇಳ್ಬೇಕು ಅಂತ ಹೇಳ್ಲಿಲ್ಲ, ಹೇಳಲ್ಲ ಅಂತಾನೂ ಹೇಳ್ಲಿಲ್ಲ. ಮೊದಲು ಮಲ್ಕೋ, ನೀರು ಕುಡಿ, ನಾಳೆ ನೋಡೋಣ ಅಂದೆ.

ಇದು ನನ್ನ ತಪ್ಪು. ಮಾರನೇ ದಿನ ಸಂಜೆ ಒಂದು ಶೋ ಇತ್ತು, ಡಾಕ್ಟರ್ ಅವನನ್ನ ಆಡಬಹುದು ಅಂತ ಬಿಟ್ಟಿದ್ರು, ಅವನು ಆಡಿದ, ನಾನು ಸ್ಟೇಡಿಯಂ ಬೇಲಿ ಪಕ್ಕ ನಿಂತು ನೋಡಿದೆ. ಅದಕ್ಕೆ ಹಿಂದಿನ ಶೋಗಳಲ್ಲಿ ಕೋರ್‌ನ ದೊಡ್ಡವರಿಗೆ ಯಾರಿಗೂ ವಿಷಯ ಗೊತ್ತಿರ್ಲಿಲ್ಲ, ನಮಗೆ ತಿಳಿದಿರ್ಲಿಲ್ಲ ಅಂತ ಧೈರ್ಯವಾಗಿ ಹೇಳಬಹುದಿತ್ತು. ಆವತ್ತಿನ ಶೋದಲ್ಲಿ ಫೈಲ್ ಹಿಡಿದಿರೋ ಒಬ್ಬ ದೊಡ್ಡವನಿಗೆ ಗೊತ್ತಿತ್ತು, ಅದು ನಾನು. ಒಂದು ರಾತ್ರಿ ಅಲ್ವಾ, ಅವನಪ್ಪನಿಗೆ ಮೊದಲು ಹೇಳ್ಬೇಕಲ್ವಾ ಅಂತೆಲ್ಲಾ ನೆಪ ಹುಡುಕ್ದೆ, ನಿಜ ಏನಂದ್ರೆ ನನ್ನ ಜೂನ್ 1ರ ಮಾರ್ಕ್ಸ್ ಕಾರ್ಡು ಒಳಗೆಲ್ಲೋ ಕೂತ್ಕೊಂಡು ಇಪ್ಪತ್ತಾರು ದಿನ ಏನು ಮಹಾ ಅಂತಿತ್ತು. ಶೋ ಮುಗಿದ ಮೇಲೆ ರಾತ್ರಿ ಬಸ್ಸುಗಳು ಲೋಡ್ ಆಗ್ತಿರೋವಾಗ ಡೈರೆಕ್ಟರನ್ನ ಪಕ್ಕಕ್ಕೆ ಕರೆದು ಹೇಳಿದೆ. ಅವರು ಮೊದಲು ಕೇಳಿದ ಪ್ರಶ್ನೆನೇ, ನಿಮಗೆ ಯಾವಾಗ ಗೊತ್ತಾಯ್ತು. ನಿನ್ನೆ ಮಧ್ಯಾಹ್ನ ಅಂದೆ. ಅವರು ಒಂದು ನಿಮಿಷ ಏನೂ ಅನ್ಲಿಲ್ಲ. ಆ ಒಂದು ನಿಮಿಷ ನನಗೆ ಇವತ್ತಿಗೂ ನೆನಪಿದೆ.

ಮೂರು ದಾರಿ

ಬೆಳಗಿನ ಜಾವ ಮುಂದಿನ ಶಾಲೆಗೆ ತಲುಪಿ, ಮಕ್ಕಳೆಲ್ಲಾ ಜಿಮ್ಮಲ್ಲಿ ಮಲಗಿದ್ದಾಗ ಬ್ಯಾಂಡ್ ರೂಮಲ್ಲಿ ಐದಾರು ಜನ ಕೂತ್ವಿ. ಸುಮ್ಮನಿರೋಣ ಅಂತ ಬಾಯಿಬಿಟ್ಟು ಯಾರೂ ಹೇಳ್ಲಿಲ್ಲ. ಆದ್ರೆ ಒಬ್ಬರು ಒಂದು ದಾರಿ ಮುಂದಿಟ್ರು, ಅದು ಎಷ್ಟು ಸುಲಭವಾಗಿ ಕಾಣ್ತು ಅಂದ್ರೆ ಎಲ್ಲರ ಮುಖದಲ್ಲೂ ಸ್ವಲ್ಪ ಉಸಿರು ಬಂತು. ಹುಡುಗನಿಗೆ ಹೇಗೂ ಬಿಸಿಲು ಹೊಡೆದು ಹುಷಾರಿಲ್ಲ, ಅರ್ಜೆಂಟ್ ಕೇರ್ ಚೀಟಿ ಇದೆ, ಮೆಡಿಕಲ್ ಕಾರಣಕ್ಕೆ ಮನೆಗೆ ಕಳಿಸಿಬಿಡೋಣ. ಅವನ ಮರ್ಯಾದೆ ಉಳಿಯುತ್ತೆ, ಕೋರ್ ಮರ್ಯಾದೆ ಉಳಿಯುತ್ತೆ, ಮುಂದಿನ ಶೋದಿಂದ ನಿಯಮ ಪಾಲನೆ ಆದ ಹಾಗೂ ಆಯ್ತು. ಯಾರಿಗೂ ಸುಳ್ಳು ಹೇಳಿದ ಹಾಗೂ ಅಲ್ಲ, ಅವನಿಗೆ ಹುಷಾರಿಲ್ಲದ್ದು ನಿಜ ತಾನೆ.

ನನಗೂ ಅದು ಸರಿ ಅನ್ನಿಸ್ತು, ಮುಚ್ಚಿಡಲ್ಲ.

ಆ ಮೀಟಿಂಗಲ್ಲಿ ಮೂಲೆಯಲ್ಲಿ ಒಬ್ಬ ಹುಡುಗ ಕೂತಿದ್ದ, ಹಿತ್ತಾಳೆ ಸೆಕ್ಷನ್‌ಗೆ ಪಾಠ ಹೇಳೋ ಟೆಕ್, ಹಿಂದಿನ ವರ್ಷದವರೆಗೆ ಅದೇ ಕೋರ್‌ನಲ್ಲಿ ಮೆಂಬರ್ ಆಗಿದ್ದವನು. ಅವನು ಹೇಳಿದ್ದು ಇಷ್ಟೇ, ನನ್ನ ಬರ್ತ್‌ಡೇ ಮೇ 28, ಈ ವರ್ಷ 22 ಆಯ್ತು, ನಾಲ್ಕು ದಿನ ಕಮ್ಮಿ ಬಿತ್ತು, ನಾನು ಆಡಿಷನ್ನಿಗೇ ಬರ್ಲಿಲ್ಲ. ಅಷ್ಟು ಹೇಳಿ ಸುಮ್ಮನಾದ. ಸಿಟ್ಟಲ್ಲಿ ಹೇಳಿದ್ದಲ್ಲ, ದನಿ ಏರಿಸ್ಲಿಲ್ಲ. ಈ ಹುಡುಗನಿಗೆ ದಿನಾ ಬೆಳಿಗ್ಗೆ ಪಾಠ ಹೇಳ್ತಿದ್ದವನು ಅವನೇ, ತನಗೆ ಸಿಗದ ಸೀಸನ್ನಿಗೆ ಇವನನ್ನ ತಯಾರು ಮಾಡ್ತಿದ್ದವನು.

ಅದಾದ ಮೇಲೆ ಮೆಡಿಕಲ್ ಕಾರಣದ ಮಾತು ಮತ್ತೆ ಯಾರೂ ಎತ್ಲಿಲ್ಲ. ಡೈರೆಕ್ಟರ್ ಬೆಳಿಗ್ಗೆ ಎಂಟಕ್ಕೇ ಡಿಸಿಐಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿ, ಪಾಸ್‌ಪೋರ್ಟ್ ಸ್ಕ್ಯಾನ್, ನಮ್ಮ ಪಟ್ಟಿ, ತಿದ್ದಿದ ಮೆಡಿಕಲ್ ಫಾರಂ ಮೂರನ್ನೂ ಕಳಿಸಿದ್ರು, ನನಗೆ ಒಂದು ದಿನ ಮುಂಚೆ ಗೊತ್ತಾಗಿತ್ತು ಅನ್ನೋದನ್ನೂ ಬರೆದ್ರು. ಆಗಿ ಹೋದ ಶೋಗಳ ಬಗ್ಗೆ ಏನು ತೀರ್ಮಾನ ಬಂತು ಅಂತ ಇಲ್ಲಿ ಬರೆಯಲ್ಲ, ಬರೆದ್ರೆ ಹಳೇ ಸ್ಕೋರ್ ಪಟ್ಟಿ ನೋಡಿ ಹತ್ತು ನಿಮಿಷದಲ್ಲಿ ಯಾವ ಕೋರ್ ಅಂತ ಕಂಡುಹಿಡೀತಾರೆ. ಕೋರ್ ಆ ಸೀಸನ್ ಮುಗಿಸ್ತು ಅಂತ ಮಾತ್ರ ಹೇಳ್ತೀನಿ.

ಹುಡುಗನನ್ನ ಹೇಗೆ ಕಳಿಸಿದ್ರು ಅನ್ನೋದು ನನಗೆ ಇಡೀ ಪ್ರಕರಣದಲ್ಲಿ ತುಂಬಾ ಮುಖ್ಯ. ರಾತ್ರೋರಾತ್ರಿ ಬ್ಯಾಗ್ ಎತ್ತಿಸಿ ಏರ್‌ಪೋರ್ಟಿಗೆ ಬಿಡ್ಲಿಲ್ಲ. ತಿಂಡಿ ಆದ ಮೇಲೆ ನಿನ್ನ ಸೆಕ್ಷನ್‌ಗೆ ನೀನೇ ಹೇಳ್ತೀಯಾ, ಬೇಡ ಅಂದ್ರೆ ನಾನು ಹೇಳ್ತೀನಿ ಅಂತ ಡೈರೆಕ್ಟರ್ ಕೇಳಿದ್ರು. ಅವನೇ ಹೇಳ್ದ. ನಾನು ದೂರದಿಂದ ನೋಡ್ತಿದ್ದೆ, ಮಾತು ಕೇಳಿಸ್ಲಿಲ್ಲ, ಒಂದು ಹತ್ತು ನಿಮಿಷ ಎಲ್ಲರೂ ಹುಲ್ಲಿನ ಮೇಲೆ ದುಂಡಗೆ ಕೂತಿದ್ರು. ಆಮೇಲೆ ಅವನು ತನ್ನ ಕುತ್ತಿಗೆಯಿಂದ ಡಾಟ್ ಬುಕ್ ತೆಗೆದು ಒಬ್ಬ ಹುಡುಗಿಗೆ ಕೊಟ್ಟ. ಡಾಟ್ ಬುಕ್ ಅಂದ್ರೆ ಶೋದಲ್ಲಿ ಎಷ್ಟನೇ ಎಣಿಕೆಗೆ ಮೈದಾನದ ಯಾವ ಬಿಂದುವಲ್ಲಿ ನಿಂತಿರ್ಬೇಕು ಅಂತ ಪ್ರತಿಯೊಬ್ಬರೂ ಬರೆದಿಟ್ಕೊಳೋ ಚಿಕ್ಕ ಪುಸ್ತಕ. ಆ ಹುಡುಗಿ ಆಲ್ಟರ್ನೇಟ್, ಅಂದ್ರೆ ಜಾಗ ಸಿಗದೆ, ಯಾರಾದ್ರೂ ಬಿಟ್ಟು ಹೋದ್ರೆ ಇರಲಿ ಅಂತ ಎಲ್ಲಾ ಪ್ರಾಕ್ಟೀಸ್ ಮಾಡ್ಕೊಂಡು, ಅದೇ ಜಿಮ್ ನೆಲದ ಮೇಲೆ ಮಲ್ಕೊಂಡು, ಶೋ ದಿನ ಮಾತ್ರ ಸೈಡಲ್ಲಿ ನಿಲ್ತಿದ್ದವಳು.

ಅಪ್ಪನ ಫೋನ್

ಅದೇ ದಿನ ಮಧ್ಯಾಹ್ನ ಹುಡುಗನ ಅಪ್ಪ ನನಗೆ ಫೋನ್ ಮಾಡಿದ್ರು. ಡೈರೆಕ್ಟರ್ ಆಗ್ಲೇ ಮಾತಾಡಿದ್ರು, ಆದ್ರೆ ಇವರಿಗೆ ಕನ್ನಡದಲ್ಲಿ ಯಾರ ಹತ್ರನಾದ್ರೂ ಜಗಳ ಆಡ್ಬೇಕಿತ್ತು ಅನ್ಸುತ್ತೆ, ನನಗದು ಅರ್ಥ ಆಗುತ್ತೆ.

"ಸರ್, 26 ದಿನ. ಬರೀ 26 ದಿನ. ನೀವೂ ನಮ್ಮೋರೇ, ನೀವೇ ಹೋಗಿ ಹೇಳಿದ್ರಲ್ಲ ಸರ್."

ನಾನು ಹೌದು ಸರ್ ಅಂದೆ.

"ನನ್ನ ಡೇಟ್ ಆಫ್ ಬರ್ತು ಮೇಷ್ಟ್ರು ಬರೆದಿದ್ದು ಸರ್. ಜೂನ್ 1. ಅದರ ಮೇಲೇ ಓದಿದೆ, ಕೆಲಸಕ್ಕೆ ಸೇರಿದೆ, ಇಲ್ಲಿಗೆ ಬಂದೆ. ಯಾರಿಗೆ ಏನು ನಷ್ಟ ಆಯ್ತು?"

"ಸರ್, ನಂದೂ ಜೂನ್ 1 ನೇ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಾನು ಆ ಆಲ್ಟರ್ನೇಟ್ ಹುಡುಗಿ ವಿಷಯ ಹೇಳಿದೆ, 17 ವರ್ಷ, ಆರು ವಾರದಿಂದ ಸೈಡಲ್ಲಿ ನಿಂತಿದ್ಲು, ಅವಳ ಮನೆಯವರೂ ಫೀಸ್ ಕಟ್ಟಿದ್ದಾರೆ ಅಂತ. ಟೆಕ್ ಹುಡುಗನ ನಾಲ್ಕು ದಿನದ ವಿಷಯವೂ ಹೇಳಿದೆ. ಒಪ್ಪಿಕೊಂಡ್ರಾ ಇಲ್ವಾ ಗೊತ್ತಿಲ್ಲ. "ಮಗ ಊಟ ಮಾಡಿದ್ನಾ" ಅಂತ ಕೇಳಿದ್ರು. ಮಾಡ್ದ ಸರ್, ನಾನೇ ಬಡಿಸಿದೆ ಅಂದೆ. ಫೋನ್ ಇಟ್ರು.

ನಮ್ಮ ಕಾಲದ ಜೂನ್ 1ಕ್ಕೂ ಇದಕ್ಕೂ ವ್ಯತ್ಯಾಸ ಏನು ಅಂತ ನಾನು ಆಮೇಲೂ ತುಂಬಾ ಯೋಚನೆ ಮಾಡಿದ್ದೀನಿ. ಮೇಷ್ಟ್ರು ಬರೆದಿದ್ದು ಒಂದು ಮಗು ಶಾಲೆಯಿಂದ ಹೊರಗೆ ಉಳೀಬಾರದು ಅಂತ, ಆ ಬೆಂಚಿನ ಮೇಲೆ ಇನ್ನೊಂದು ಮಗು ಕೂರೋಕೆ ಜಾಗ ಇತ್ತು. ಇಲ್ಲಿ ಡ್ರಿಲ್ಲಲ್ಲಿ ಒಂದು ಬಿಂದುವಿಗೆ ಒಬ್ಬರೇ.

ಆಮೇಲೆ

ಸೀಸನ್ ಉಳಿದ ಭಾಗಕ್ಕೆ ವಾಲಂಟಿಯರ್ ಆಗಿ ಬರ್ತೀನಿ, ಪ್ರಾಪ್ ತಳ್ತೀನಿ, ಪಾತ್ರೆ ತೊಳೀತೀನಿ ಅಂತ ಹುಡುಗ ಕೇಳಿದ. ಭಾವುಕರಾಗಿ ಆಯ್ತು ಅನ್ನೋಕೆ ಹೋದ್ವಿ, ಡೈರೆಕ್ಟರ್ ತಡೆದ್ರು. ಮೆಂಬರ್ ಅಲ್ಲ ಅಂದ ಮೇಲೆ ಅವನು 22 ವರ್ಷದ ಹೊರಗಿನ ವ್ಯಕ್ತಿ, 16, 17ರ ಮಕ್ಕಳು ಇರೋ ಜಾಗ, ನಾವೆಲ್ಲಾ ಹೇಗೆ ಬ್ಯಾಕ್‌ಗ್ರೌಂಡ್ ಚೆಕ್ ಮಾಡಿಸ್ಕೊಂಡೇ ಬಂದಿದ್ದೀವೋ ಅವನೂ ಹಾಗೇ ಬರ್ಬೇಕು, ಮೆಂಬರ್‌ಗಳ ಜಿಮ್ಮಲ್ಲಿ ಮಲಗೋ ಹಾಗಿಲ್ಲ, ಅವರ ಬಸ್ ಹತ್ತೋ ಹಾಗಿಲ್ಲ. ವಯಸ್ಸಿನ ಗೆರೆ ಬರೀ ಅಂಕದ ನ್ಯಾಯಕ್ಕೆ ಇರೋದಲ್ಲ ಅನ್ನೋದು ನನಗೆ ಆವತ್ತು ತಿಳೀತು. ಮನೆಗೆ ಹೋದ, ಎರಡು ವಾರ ಆದ್ಮೇಲೆ ಚೆಕ್ ಎಲ್ಲಾ ಮುಗಿಸಿ ಬಂದ, ನಮ್ಮ ವಾಲಂಟಿಯರ್ ವ್ಯಾನಲ್ಲಿ ಇದ್ದ, ನನ್ನ ಪಕ್ಕ ನಿಂತು ಈರುಳ್ಳಿ ಹೆಚ್ಚಿದ. ಸೀಸನ್ ಕೊನೆಯಲ್ಲಿ ಇಂಡಿಯಾನಾದಲ್ಲಿ ಏಜ್ ಔಟ್‌ಗಳನ್ನ ಬೀಳ್ಕೊಡೋ ರಾತ್ರಿ ಅವನ ಸೆಕ್ಷನ್ನವರು ಬಾ ನಮ್ಮ ಜೊತೆ ನಿಲ್ಲು ಅಂತ ಕರೆದ್ರು. ಅವನು ಹೋಗ್ಲಿಲ್ಲ. ಟ್ರಕ್ ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೀತಿದ್ದ.

ವಯಸ್ಸಿನ ಮೇಲಿನ ಮಿತಿ ಇಲ್ಲದ ಕೋರ್‌ಗಳೂ ಇವೆ, ಮೊದಲು ಡ್ರಮ್ ಕೋರ್ ಅಸೋಸಿಯೇಟ್ಸ್ ಅಂತ ಬೇರೆ ಸಂಸ್ಥೆ ನಡೆಸ್ತಿತ್ತು, 2024ರ ಸೀಸನ್ನಿಂದ ಡಿಸಿಐ ಒಳಗೇ ಆಲ್ ಏಜ್ ಅಂತ ವಿಭಾಗ ಆಗಿದೆ. 22 ದಾಟಿದ ಮಕ್ಕಳಿಗೆ ಈ ದಾರಿ ಇದೆ ಅಂತ ಮೊದಲೇ ಹೇಳೋ ಅಭ್ಯಾಸ ಕೋರ್‌ಗಳಿಗೆ ಇರ್ಬೇಕು. ನಮ್ಮ ಹುಡುಗನಿಗೆ ಫೆಬ್ರವರಿಯಲ್ಲಿ ಯಾರಾದ್ರೂ ಇದನ್ನ ಹೇಳಿದ್ರೆ ಅವನು ಬಂದು ಕೇಳ್ತಿದ್ದ ಅಂತ ನನಗೆ ಅನ್ಸುತ್ತೆ, ಆ ಹಾಳೆವರೆಗೆ ವಿಷಯ ಬರ್ತಾನೇ ಇರ್ಲಿಲ್ಲ.

ಕೋರ್ ಮುಂದಿನ ವರ್ಷದಿಂದ ಮಾಡಿದ ಬದಲಾವಣೆ ದೊಡ್ಡದೇನಲ್ಲ. ಫಾರಮ್ಮಲ್ಲಿ ತಿಂಗಳನ್ನ ಅಂಕಿಯಲ್ಲಿ ಬರೆಯೋ ಹಾಗಿಲ್ಲ, ಅಕ್ಷರದಲ್ಲೇ ಬರೀಬೇಕು. ಆಡಿಷನ್ ಪಟ್ಟಿಯ ತಾರೀಖನ್ನೂ ಮೆಂಬರ್ ಪಟ್ಟಿಯ ತಾರೀಖನ್ನೂ ಪಕ್ಕಪಕ್ಕ ಇಟ್ಟು ಹೊಂದದ್ದನ್ನ ಕೆಂಪು ಮಾಡೋದು. ಹೊರದೇಶದ ದಾಖಲೆ ಇದ್ರೆ ಇಬ್ಬರು ನೋಡೋದು. 21 ಇರೋ ಪ್ರತಿಯೊಬ್ಬರಿಗೂ ಜನವರಿ ಮುಗಿಯೋದ್ರೊಳಗೆ ಫೋನ್ ಮಾಡಿ ಹುಟ್ಟಿದ ದಿನ ಬಾಯಲ್ಲಿ ಹೇಳಿಸೋದು, ಫೀಸಿನ ದೊಡ್ಡ ಕಂತು ಕಟ್ಟೋಕೆ ಮುಂಚೆ. ಕೊನೆಯದ್ದು ನಾನೇ ಕೇಳಿ ಸೇರಿಸಿದ್ದು. ದುಡ್ಡು ಕಟ್ಟಿ, ಕೆಲಸ ಬಿಟ್ಟು, ಮೂಟೆ ಹೊತ್ಕೊಂಡು ಬಂದ ಮೇಲೆ ಸತ್ಯ ಹೇಳು ಅಂದ್ರೆ ಎಂಥ ಒಳ್ಳೇ ಮಗುವಿಗೂ ಕಷ್ಟ.

ಇಷ್ಟರ ಮಧ್ಯೆ ನಾವು ಒಬ್ಬರನ್ನ ಮರೆತಿದ್ವಿ. ಆ ಪಟ್ಟಿ ಟೈಪ್ ಮಾಡಿದ ಹಿರಿಯ ಹೆಂಗಸು. ಅವರನ್ನ ಯಾರೂ ಬೈಲಿಲ್ಲ, ಆದ್ರೆ ಯಾರೂ ಮಾತೂ ಆಡ್ಸ್‌ಲಿಲ್ಲ. ಮುಂದಿನ ವರ್ಷಕ್ಕೆ ಬರಲ್ಲ ಅಂತ ಎರಡು ಸಾಲು ಇಮೇಲ್ ಕಳಿಸಿ ನಿಂತುಬಿಟ್ರು. ಅಕ್ಟೋಬರಲ್ಲಿ ನಾನು ಅವರ ಮನೆಗೆ ಹೋದೆ. ಅಲ್ಲಿ ಗೊತ್ತಾಯ್ತು ಅವರೂ ಚಿಕ್ಕವರಿದ್ದಾಗ ಈಸ್ಟ್ ಕೋಸ್ಟಲ್ಲಿ ಒಂದು ಕೋರ್‌ನಲ್ಲಿ ಬಾವುಟ ಹಿಡಿದವರು, 1975ರಲ್ಲಿ ಫಿಲಡೆಲ್ಫಿಯಾದಲ್ಲಿ ಡಿಸಿಐ ಚಾಂಪಿಯನ್‌ಶಿಪ್ ನಡೆದಾಗ ಅಲ್ಲಿದ್ರು. ಆ ವರ್ಷ ನ್ಯೂ ಜೆರ್ಸಿಯ ಹಾಥಾರ್ನ್ ಮುಚಾಚೋಸ್, ಆಗಿನ ಬಲವಾದ ಕೋರ್‌ಗಳಲ್ಲಿ ಒಂದು, ವಯಸ್ಸು ಮೀರಿದ ಒಬ್ಬ ಸದಸ್ಯನಿಂದಾಗಿ ಇಡೀ ತಂಡವೇ ಅನರ್ಹ ಆಯ್ತು. ಗೆದ್ದಿದ್ದು ಮ್ಯಾಡಿಸನ್ ಸ್ಕೌಟ್ಸ್. ಗೆದ್ದವರ ಶೋ ನೆನಪಿಲ್ಲ, ಆ ಸೋತವರ ಮುಖ ನೆನಪಿದೆ, ಅದಕ್ಕೇ ಈ ವಯಸ್ಸಿನ ಪಟ್ಟಿ ಕೆಲಸ ನಾನೇ ಕೇಳಿ ತಗೊಂಡಿದ್ದೆ ಅಂದ್ರು.

ನಾನು ಬ್ಯಾಗಿಂದ ನನ್ನ ಪಾಸ್‌ಪೋರ್ಟ್ ತೆಗೆದು ಹುಟ್ಟಿದ ದಿನದ ಜಾಗ ತೋರಿಸಿದೆ. 01/06. ಓದಿ ಅಂದೆ. ಅವರು ಕನ್ನಡಕ ಹಾಕ್ಕೊಂಡು, ಜನವರಿ 6 ಅಂತ ಓದಿ, ತಕ್ಷಣ ಬಾಯಿಗೆ ಕೈ ಇಟ್ಕೊಂಡ್ರು. ಹೊಸ ಪಟ್ಟಿ ನೋಡೋ ಇಬ್ಬರಲ್ಲಿ ಒಬ್ಬರು ನೀವೇ ಆಗ್ಬೇಕು, ಇನ್ನೊಬ್ಬ ನಾನಿರ್ತೀನಿ ಅಂತ ಕೇಳ್ಕೊಂಡೆ. ಜನವರಿಯಲ್ಲಿ ಅವರ ಅಡುಗೆಮನೆ ಟೇಬಲ್ ಮೇಲೆ ಇಬ್ಬರೂ ಕೂತು ಎಲ್ಲಾ ಹಾಳೆ ನೋಡಿ ಮುಗಿಸೋಕೆ ಎರಡು ಸಂಜೆ ಹಿಡೀತು.